ಗುಳಿಗೆ ಬದಲಿಸುವಾಗ, ರೊಟ್ಟಿ ಬೇಯಿಸುವಾಗ
ಓದುಗರ ಪ್ರಶ್ನೆ – ಈ ಸಲ ಮೂರ್ಛೆರೋಗ

ಮಗಳಿಗೆ 22 ವರ್ಷ. ಏಳು ವರ್ಷದಿಂದ ಸೋಡಿಯಂ ವಾಲ್ಪ್ರೊಯೇಟ್ ತಗೊಳ್ಳುತ್ತಾಳೆ. ಎರಡು ವರ್ಷದಿಂದ ಫಿಟ್ಸ್ ಬಂದಿಲ್ಲ. ಮದುವೆ ನಿಶ್ಚಯವಾಗಿದೆ ಎಂದ ಕೂಡಲೇ ಡಾಕ್ಟರು ಲೆವೆಟಿರಾಸಿಟಾಮ್ ಶುರು ಮಾಡಿ, ಹಳೆಯದನ್ನು ಇಳಿಸುತ್ತಿದ್ದಾರೆ. ಮೂರು ವಾರದಿಂದ ಮಾತೆತ್ತಿದರೆ ಸಿಟ್ಟು, ತಾಟು ಎತ್ತಿ ಒಗೆಯುತ್ತಾಳೆ. ಹಳೆಯ ಗುಳಿಗೆಗೇ ಮರಳಬಹುದೇ? ಬೀಗರಿಗೆ ಹೇಳಬೇಕೇ?
– ಒಬ್ಬ ತಾಯಿ, ಮುಧೋಳ

ನೀವಾಗಿಯೇ ಮರಳಬೇಡಿ. ಡಾಕ್ಟರು ಬದಲಿಸಿದ್ದಕ್ಕೆ ಗಟ್ಟಿ ಕಾರಣವಿದೆ. ಬಸುರಿಯಾಗಿದ್ದಾಗ ವಾಲ್ಪ್ರೊಯೇಟ್ ತಗೊಂಡರೆ 100 ಕೂಸುಗಳಲ್ಲಿ ಸುಮಾರು 10ಕ್ಕೆ ಹುಟ್ಟುದೋಷ ಬರುತ್ತದೆ. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರುವುದು ಅದರಲ್ಲೊಂದು. 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ ಹಿಂದುಳಿಯುತ್ತದೆ. ಬೆನ್ನುಹುರಿ ರೂಪುಗೊಳ್ಳುವುದು ಮೊದಲ ನಾಲ್ಕು ವಾರದಲ್ಲಿ, ಅಂದರೆ ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿಗೆ. ಹಾಗಾಗಿ ಮದುವೆಯ ಮೊದಲೇ ಬದಲಿಸುವುದು. ಇದರ ಜೊತೆಗೆ ಫೋಲಿಕ್ ಆಮ್ಲ ಬರೆದುಕೊಟ್ಟಿದ್ದಾರೆಯೇ ನೋಡಿ. ಸಾಮಾನ್ಯವಾಗಿ ದಿನಕ್ಕೆ 5 ಮಿ.ಗ್ರಾಂ. ಕೊಡುತ್ತಾರೆ. ಬರೆದಿರದಿದ್ದರೆ ಕೇಳಿ.

ಸಿಟ್ಟು ಮಗಳದ್ದಲ್ಲ, ಬಹುಮಟ್ಟಿಗೆ ಗುಳಿಗೆಯದ್ದು. ಲೆವೆಟಿರಾಸಿಟಾಮ್ ತಗೊಳ್ಳುವ ಕೆಲವರಿಗೆ ಮೊದಲ ವಾರಗಳಲ್ಲೇ ಕಿರಿಕಿರಿ, ಅಳು, ರೇಗಾಟ ಶುರುವಾಗುತ್ತದೆ. ಡೋಸ್ ಬೇಗ ಏರಿಸಿದರೆ ಇನ್ನೂ ಹೆಚ್ಚು. ಡಾಕ್ಟರ ಎದುರು ‘ಸಿಟ್ಟಿಗೇಳ್ತಾಳ್ರಿ’ ಎಂದರೆ ಸಾಲದು. ಒಂದು ನೋಟ್‌ಬುಕ್ಕಿನಲ್ಲಿ ದಿನಾ ನಾಲ್ಕು ಗೆರೆ ಬರೆಯಿರಿ: ಯಾವ ಗುಳಿಗೆ ಎಷ್ಟು ಮಿ.ಗ್ರಾಂ. ಎಷ್ಟು ಗಂಟೆಗೆ ತಗೊಂಡಳು, ಎಷ್ಟು ತಾಸು ಮಲಗಿದಳು, ಕೈ ಜುಮ್ಮೆಂದು ಎಗರಿತೇ, ಸಿಟ್ಟು ಬಂದದ್ದು ಯಾವಾಗ. ಮುಟ್ಟಿನ ದಿನಕ್ಕೆ ಒಂದು ಗುರುತು ಹಾಕಿ. ಡೋಸ್ ಏರಿಸಿದ ಮೂರನೇ ದಿನಕ್ಕೇ ರಂಪ ಶುರುವಾಗಿದ್ದರೆ ಆ ಹಾಳೆಯೇ ಹೇಳುತ್ತದೆ. ಆಗ ಡಾಕ್ಟರು ಡೋಸ್ ತಗ್ಗಿಸಬಹುದು, ಇಲ್ಲವೇ ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಗುಳಿಗೆಯ ಕಡೆ ಹೊರಳಬಹುದು. ವಾಲ್ಪ್ರೊಯೇಟ್ ಇನ್ನೂ ಮೈಯಲ್ಲಿ ಇರುವಾಗ ಲ್ಯಾಮೋಟ್ರಿಜಿನ್ ರಕ್ತದಲ್ಲಿ ಇಮ್ಮಡಿಯಾಗುತ್ತದೆ. ಅದಕ್ಕೇ ಅದನ್ನು ದಿನ ಬಿಟ್ಟು ದಿನ 25 ಮಿ.ಗ್ರಾಂ.ನಿಂದ ಶುರು ಮಾಡಿ, ವಾರಗಟ್ಟಲೆ ನಿಧಾನ ಏರಿಸುವುದು. ಅವಸರ ಮಾಡಿದರೆ ಮೈಮೇಲೆ ದದ್ದು ಏಳುತ್ತದೆ. ದದ್ದು ಕಂಡರೆ ಮುಂದಿನ ಗುಳಿಗೆ ನುಂಗುವ ಮೊದಲೇ, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ‘ಸಾಯಬೇಕು ಅನ್ನಿಸುತ್ತದೆ’ ಎಂಬ ಮಾತು ಮಗಳ ಬಾಯಿಂದ ಬಂದರೂ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ಒಬ್ಬಳನ್ನೇ ಬಿಡಬೇಡಿ.

ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವ ಈ ವಾರಗಳಲ್ಲೇ ಫಿಟ್ಸ್ ಮರಳಿ ಬರುವ ಸಂಭವ ಹೆಚ್ಚು. ಜವಳಿಗೆ ಊರೂರು ಅಲೆಯುವುದು, ರಾತ್ರಿಯೆಲ್ಲ ಮೆಹಂದಿ, ಜಾಗರಣೆ ಈಗ ಬೇಡ. ನಿದ್ದೆಗೆಟ್ಟರೆ ಯಾವ ಗುಳಿಗೆಯೂ ಪೂರ್ತಿ ಕೈ ಹಿಡಿಯುವುದಿಲ್ಲ.

ಬೀಗರಿಗೆ ಹೇಳಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದಿದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದಾರೆ, ಕಾನೂನಿನ ಭಯ ಬೇಡ. ಮುಚ್ಚಿಟ್ಟರೆ ಆಗುವುದು ಬೇರೆ: ಹೊಸ ಮನೆಯಲ್ಲಿ ಗುಳಿಗೆ ಎಲ್ಲಿಡಬೇಕು, ಯಾರ ಕಣ್ಣು ತಪ್ಪಿಸಿ ನುಂಗಬೇಕು ಎಂದು ಹುಡುಗಿ ಹೆದರಿ, ಎರಡು ದಿನ ಬಿಟ್ಟು, ಮೂರನೆಯ ದಿನ ಬೀಳುತ್ತಾಳೆ.

ಇಳಕಲ್ಲಿನ ನೇಕಾರ, 34 ವರ್ಷ. ಫೆನಿಟಾಯಿನ್ ದಿನಕ್ಕೆ 300 ಮಿ.ಗ್ರಾಂ. ನಡೆದಿತ್ತು. ನಡುವೆ ಒಮ್ಮೆ ಫಿಟ್ಸ್ ಬಂತೆಂದು ನಾನೇ 100ರ ಒಂದು ಗುಳಿಗೆ ಹೆಚ್ಚಿಸಿದೆ. ಎರಡು ವಾರದ ಮೇಲೆ ಕುಣಿಮಗ್ಗದಲ್ಲಿ ಕೂತರೆ ಲಾಳಿ ಎರಡೆರಡು ಕಾಣುತ್ತದೆ, ಎದ್ದರೆ ಕುಡಿದವರಂತೆ ತೋಲಾಡುತ್ತೇನೆ. ನರದೌರ್ಬಲ್ಯವೇ?

ಅಲ್ಲ, ಫೆನಿಟಾಯಿನ್ ಮೈಯಲ್ಲಿ ಹೆಚ್ಚಾಗಿದೆ. ಬೇರೆ ಎಷ್ಟೋ ಗುಳಿಗೆಗಳನ್ನು ಒಂದೂವರೆ ಪಟ್ಟು ತಗೊಂಡರೆ ರಕ್ತದಲ್ಲೂ ಒಂದೂವರೆ ಪಟ್ಟಾಗುತ್ತದೆ. ಫೆನಿಟಾಯಿನ್ ಹಾಗಲ್ಲ. ಅದನ್ನು ಕರಗಿಸುವ ಲಿವರಿನ ಶಕ್ತಿಗೆ ಒಂದು ಮಿತಿ ಇದೆ. ಆ ಮಿತಿ ತುಂಬಿದ ಮೇಲೆ ಹಾಕಿದ್ದೆಲ್ಲ ಕೊಡ ತುಂಬಿ ಚೆಲ್ಲಿದಂತೆ ರಕ್ತದಲ್ಲೇ ಉಳಿಯುತ್ತದೆ. 300ರಿಂದ 400 ಎಂದರೆ ಕಾಗದದ ಮೇಲೆ ಸಣ್ಣ ಏರಿಕೆ, ರಕ್ತದಲ್ಲಿ ಎರಡು–ಮೂರು ಪಟ್ಟೂ ಆಗಬಹುದು. ಪೂರ್ತಿ ಏರಲು ವಾರಗಳೇ ಹಿಡಿಯುವುದರಿಂದ ಮೊದಲ ದಿನಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ತಿಳಿದವರು ಇದನ್ನು ಒಂದು ಸಲಕ್ಕೆ 50 ಮಿ.ಗ್ರಾಂ.ಗಿಂತ ಹೆಚ್ಚು ಏರಿಸಲು ಹಿಂದೆಮುಂದೆ ನೋಡುತ್ತಾರೆ.

ಇಂದೇ ಡಾಕ್ಟರಿಗೆ ತೋರಿಸಿ, ಮಗ್ಗ ಅಲ್ಲಿಯವರೆಗೆ ನಿಲ್ಲಲಿ. ಸಿಟ್ಟಿಗೆದ್ದು ಎಲ್ಲ ಗುಳಿಗೆ ಒಮ್ಮೆಲೇ ಬಿಟ್ಟೀರಿ ಮತ್ತೆ! ಹಾಗೆ ಬಿಟ್ಟರೆ ಒಂದರ ಹಿಂದೊಂದು ನಿಲ್ಲದ ಫಿಟ್ಸ್ ಬರಬಹುದು. ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ನೋಡುವ ಪರೀಕ್ಷೆ ಇದೆ. ಮಿ.ಲೀ.ಗೆ 10ರಿಂದ 20 ಮೈಕ್ರೋಗ್ರಾಂ ಸರಿ ಮಟ್ಟ. ಮುಂದಿನ ಡೋಸ್ ತಗೊಳ್ಳುವ ಮುಂಚೆ ರಕ್ತ ಕೊಡಬೇಕು. ನಡುವೆ ಟಿಬಿ ಗುಳಿಗೆ ಶುರು ಮಾಡಿದ್ದರೆ ಅದನ್ನೂ ಹೇಳಿ. ಅದರಲ್ಲಿರುವ ಐಸೋನಯಾಜಿಡ್ ಫೆನಿಟಾಯಿನ್ ಮಟ್ಟ ಏರಿಸುತ್ತದೆ. ಅಂಗಡಿಯವರು ‘ಅದೇ ಔಷಧ, ಬೇರೆ ಕಂಪನಿ’ ಎಂದು ಕೊಟ್ಟರೆ ಬೇಡವೆನ್ನಿ. ಈ ಗುಳಿಗೆಯಲ್ಲಿ ಆ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಸೊಸೆಗೆ ಒಲೆ ಮುಂದೆ ಫಿಟ್ಸ್ ಬಂದು ಮುಂಗೈ ಸುಟ್ಟಿತು. ಮನೆಯವರು ಕೈಗೆ ಕೀಲಿಕೈ ಕೊಡುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಇದರಿಂದ ನಿಲ್ಲುತ್ತದೆಯಲ್ಲ?
– ಇಂಡಿ ತಾಲೂಕಿನಿಂದ

ಹೆಚ್ಚಿನ ಫಿಟ್ಸ್ ತಾನಾಗಿಯೇ ಒಂದರಿಂದ ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಕೀಲಿಕೈ ಹುಡುಕಿ ತರಲು ಹಿಡಿಯುವುದೂ ಅಷ್ಟೇ ಹೊತ್ತು. ಹೆಸರು ಕೀಲಿಕೈಗೆ ಬಂತು, ಅಷ್ಟೇ.

ಮೊದಲು ಬೆಂಕಿಯಿಂದ ಆಕೆಯನ್ನು ದೂರ ಎಳೆಯಿರಿ, ಗಡಿಯಾರ ನೋಡಿ. ತಲೆಯ ಕೆಳಗೆ ಮಡಚಿದ ಸೀರೆ ಇಡಿ, ಕೊರಳ ಸುತ್ತ ಬಿಗಿಯಾಗಿದ್ದರೆ ಸಡಿಲಿಸಿ. ಕೈಕಾಲು ಒತ್ತಿ ಹಿಡಿಯಬೇಡಿ. ಎಳೆತ ತಗ್ಗುತ್ತಿದ್ದಂತೆ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಏನೂ ಬೇಡ: ಹಲ್ಲು ಮುರಿಯುತ್ತದೆ, ಇಲ್ಲವೇ ನಿಮ್ಮ ಬೆರಳು. ಹೆಸರು ಕೇಳಿದರೆ ಸರಿಯಾಗಿ ಹೇಳುವವರೆಗೆ ನೀರನ್ನೂ ಕುಡಿಸಬೇಡಿ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಅಥವಾ ಆಕೆ ಬಸುರಿಯಾಗಿದ್ದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬೇಕೇ ಎಂದು ಡಾಕ್ಟರನ್ನು ಕೇಳಿ. ಎಷ್ಟು ಸಲ ಒತ್ತಬೇಕೆಂಬುದು ತೂಕದ ಮೇಲೆ ಹೋಗುತ್ತದೆ, ಅದನ್ನು ಬಾಟಲಿಯ ಮೇಲೆಯೇ ಬರೆದಿಡಿ.

ಸುಟ್ಟ ಕೈಗೆ 20 ನಿಮಿಷ ಹರಿಯುವ ನೀರು ಹಾಕಬೇಕು, ಟೂತ್‌ಪೇಸ್ಟ್ ಅಲ್ಲ.

ಇನ್ನು ರೊಟ್ಟಿ. ನೆಲದೊಲೆಯ ಮುಂದೆ ಕೂತವರು ಬಿದ್ದರೆ ಬೀಳುವುದು ಹಂಚಿನ ಮೇಲೆಯೇ. ಕೆಲಸ ಹಂಚಿಕೊಳ್ಳಿ: ಆಕೆ ಒಲೆಯಿಂದ ನಾಲ್ಕು ಮಾರು ದೂರ ಕೂತು ಬಡಿಯಲಿ, ಹಂಚಿಗೆ ಹಾಕಿ ಬೇಯಿಸುವುದು ನೀವು. ಒಬ್ಬಳೇ ಇರುವ ದಿನ ಕಡಕ್ ರೊಟ್ಟಿ ಸಾಕು. ಬಚ್ಚಲಿನ ಬಾಗಿಲಿಗೆ ಚಿಲಕ ಬೇಡ, ಹಂಡೆಯಿಂದ ಕುದಿನೀರು ಮೊಗೆಯುವುದೂ ಬೇಡ, ಹದ ಮಾಡಿದ ನೀರನ್ನು ಬೇರೆಯವರು ಬಕೆಟ್ಟಿಗೆ ಹಾಕಿಕೊಡಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಎಲ್ಲರೂ ಮಲಗುವಾಗ ಆಕೆ ಅಂಚಿನಲ್ಲಿ ಬೇಡ, ನಡುವೆ ಮಲಗಲಿ. ಅದಕ್ಕಿಂತ ಕೆಳಗೇ ಮಲಗುವುದು ಮೇಲು.

ಮಗನಿಗೆ ಒಂದು ವರ್ಷದಿಂದ ಫಿಟ್ಸ್ ಇಲ್ಲ. ಕಬ್ಬಿನ ಸೀಜನ್, ಟ್ರ್ಯಾಕ್ಟರ್ ಹೊಡೆಯಬಹುದೇ?
– ಚಿಕ್ಕೋಡಿ

ಬೇಡ. ಲೈಸೆನ್ಸಿನ ಫಾರ್ಮ್ 1ರಲ್ಲಿ ಮೂರ್ಛೆರೋಗ ಇದೆಯೇ ಎಂದು ನೇರವಾಗಿ ಕೇಳುತ್ತಾರೆ, ಸುಳ್ಳು ಬರೆದು ಪಡೆದ ಲೈಸೆನ್ಸ್ ಅಪಘಾತವಾದಾಗ ಕೈ ಹಿಡಿಯುವುದಿಲ್ಲ. ಮೇಲಾಗಿ ಇದು ರಾತ್ರಿಯೆಲ್ಲ ಕಾರ್ಖಾನೆಯ ಸರದಿಯಲ್ಲಿ ನಿಂತು ನಿದ್ದೆಗೆಡುವ ಕೆಲಸ. ಹಗಲು ಗದ್ದೆಯಲ್ಲಿ ಕಬ್ಬಿನ ಲೆಕ್ಕ ಬರೆದುಕೊಳ್ಳುವ ಕೆಲಸ ಕೊಡಿ.