ಕೊಳೆ ಯಾವುದು ಅಂತ ಮೊದಲು ನೋಡಿ

ಮಳೆಗಾಲ ಮುಗಿಯುತ್ತಾ ಬಂದಿದೆ, ಹಬ್ಬದ ಸಾಲು ಶುರುವಾಗಿದೆ, ಹಾಗಾಗಿ ಈ ಸಲದ ಪ್ರಶ್ನೆಗಳೆಲ್ಲ ಬಚ್ಚಲು ಮತ್ತು ಅಡುಗೆಮನೆಯವೇ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ನಲ್ಲಿ, ಶವರ್, ಟೈಲ್ಸ್ ಎಲ್ಲಾ ಕಡೆ ಬಿಳಿ ಪೊರೆ ಕಟ್ಟಿದೆ. ವಿಡಿಯೊ ನೋಡಿ ಅಡುಗೆ ಸೋಡಾ, ವಿನೆಗರ್ ಬೆರೆಸಿ ಹಚ್ಚಿದೆ. ನೊರೆ ಭರ್ಜರಿಯಾಗಿ ಬಂತು, ಕಲೆ ಮಾತ್ರ ಹೋಗಲಿಲ್ಲ. (ಬೆಂಗಳೂರು)

ಉತ್ತರ: ನೊರೆ ನೋಡೋಕೆ ಚೆಂದ, ಅಷ್ಟೇ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡನ್ನೂ ಸೇರಿಸಿದರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ, ಉಳಿಯುವುದು ಯಾವ ಕೆಲಸಕ್ಕೂ ಬಾರದ ಉಪ್ಪುನೀರು. ನಿಮ್ಮ ನಲ್ಲಿಯ ಮೇಲಿರುವುದು ಸುಣ್ಣದ ಅಂಶ. ಬೋರ್ ನೀರಿನಲ್ಲಿ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರು ಆರಿದ ಮೇಲೆ ಅಲ್ಲೇ ಕೂತುಬಿಡುತ್ತದೆ. ಅದಕ್ಕೆ ಬೇಕಿರುವುದು ಬರೀ ಆಮ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದಲ್ವಾ, ಅದನ್ನು ಎರಡು ಚಮಚ ಒಂದು ಮಗ್ ಬಿಸಿನೀರಿಗೆ ಹಾಕಿ. ಹಳೇ ಬನಿಯನ್ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, ಕಾಲು ಗಂಟೆ ಬಿಟ್ಟು, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ, ನಲ್ಲಿಯ ಹೊಳಪಿನ ಲೇಪನ ಹಾಳಾಗುತ್ತದೆ. ಶವರ್ ತಲೆಯನ್ನು ಬಿಚ್ಚಲು ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಇದೇ ನೀರು ತುಂಬಿ, ಶವರ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಟೈಲ್ಸಿಗೆ ಹಚ್ಚುವ ಮೊದಲು ಗೋಡೆಗೆ ನೀರು ಎರಚಿಕೊಳ್ಳಿ, ಇಲ್ಲದಿದ್ದರೆ ಸಂದಿನ ಸಿಮೆಂಟು ಆಮ್ಲ ಕುಡಿದು ಸವೆಯುತ್ತದೆ.

ಗಮನಿಸಿ ನೋಡಿ, ಬಿಸಿನೀರಿನ ನಲ್ಲಿಯಲ್ಲೇ ಬಿಳಿ ಜಾಸ್ತಿ. ನೀರು ಕಾದಾಗ ಸುಣ್ಣ ಬೇಗ ಬೇರೆಯಾಗುತ್ತದೆ. ನಲ್ಲಿಯಲ್ಲೇ ಇಷ್ಟಿದ್ದರೆ ಗೀಸರ್ ಒಳಗಿನ ಕಾಯಿಲ್ ಮೇಲೆ ಎಷ್ಟಿರಬೇಡ! ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆದು ಬಿಚ್ಚಿಸಿ ತೆಗೆಸಿ, ಪದರ ದಪ್ಪ ಆದಷ್ಟೂ ಕರೆಂಟು ಹೆಚ್ಚು ಎಳೆಯುತ್ತದೆ. ಇನ್ನು ದಿನನಿತ್ಯಕ್ಕೆ ನಾನು ಹೇಳುವ ಸಾಮಾನು ಒಂದೇ: ಕೈಯಲ್ಲಿ ಹಿಡಿಯುವ ಸಣ್ಣ ರಬ್ಬರ್ ವೈಪರ್. ಕೊನೆಗೆ ಸ್ನಾನ ಮಾಡಿದವರು ಗೋಡೆಯ ನೀರು ಕೆಳಕ್ಕೆ ಎಳೆದು ಬರಲಿ, ಅದು ಯಾರೇ ಆಗಿರಲಿ. ನೀರು ಅಲ್ಲೇ ಆರದಿದ್ದರೆ ಕಲೆ ಎಲ್ಲಿಂದ ಬರಬೇಕು?

ಪ್ರಶ್ನೆ: ಬಚ್ಚಲಿಗೆ ಶಹಾಬಾದ್ ಕಲ್ಲು ಹಾಕಿಸಿದ್ದೇವೆ. ಪಾಚಿ ಹೋಗಲಿ ಅಂತ ಆ್ಯಸಿಡ್ ಹಾಕಿ ಉಜ್ಜಿಸಿದೆವು. ಈಗ ಕಲ್ಲು ಬಿಳಿಚಿಕೊಂಡು ತರಿತರಿ ಆಗಿದೆ, ಕೊಳೆ ಮೊದಲಿಗಿಂತ ಬೇಗ ಹಿಡಿಯುತ್ತದೆ. (ಕಲಬುರಗಿ)

ಉತ್ತರ: ಅಯ್ಯೋ, ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಮೇಲಿನ ಉತ್ತರದಲ್ಲಿ ನಲ್ಲಿಯ ಸುಣ್ಣ ಕರಗಿಸಿದ ಹಾಗೆಯೇ ಆ್ಯಸಿಡ್ ನಿಮ್ಮ ನೆಲವನ್ನೂ ಕರಗಿಸಿದೆ. ಅಡುಗೆ ಕಟ್ಟೆಯ ಕಪ್ಪು ಕಡಪ ಕಲ್ಲು, ಮಾರ್ಬಲ್, ಹಳೇ ಮನೆಗಳ ಮೊಸಾಯಿಕ್ ಇವಕ್ಕೂ ಇದೇ ಗತಿ, ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೂ ಕಲೆ ನಿಲ್ಲುತ್ತದೆ. ಗ್ರಾನೈಟ್ ಆದರೆ ತಡೆದುಕೊಳ್ಳುತ್ತದೆ. ತರಿ ಹೋಗಬೇಕಾದರೆ ಪಾಲಿಶ್ ಮಾಡಿಸುವುದೇ ದಾರಿ. ಆಮೇಲೆ ಪಾಚಿಗೆ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರು ಮತ್ತು ತೆಂಗಿನ ಕಡ್ಡಿ ಪೊರಕೆ ಸಾಕು. ಪೊರಕೆ ಸವೆದು ಮೋಟಾಗಿದ್ದರೆ ಇನ್ನೂ ಒಳ್ಳೆಯದು, ಹೊಸದಕ್ಕಿಂತ ಅದೇ ಚೆನ್ನಾಗಿ ಕೆರೆಯುತ್ತದೆ. ಕಿಟಕಿ ತೆರೆದಿಡಿ, ನೆಲ ಒಣಗಿದರೆ ಪಾಚಿ ಬೆಳೆಯುವುದಿಲ್ಲ.

ಪ್ರಶ್ನೆ: ಟಾಯ್ಲೆಟ್ ಕ್ಲೀನರ್ ಹಾಕಿದ ಮೇಲೆ ಇನ್ನೂ ಬೆಳ್ಳಗಾಗಲಿ ಅಂತ ಬ್ಲೀಚಿಂಗ್ ಪೌಡರ್ ಕೂಡ ಉದುರಿಸಿದೆ. ಕಣ್ಣು ಉರಿದು ಕೆಮ್ಮು ಹತ್ತಿತು. ಹೀಗೇಕೆ? (ಶಿವಮೊಗ್ಗ)

ಉತ್ತರ: ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಮ್ಲದವು. ಅದು ಬ್ಲೀಚ್‌ಗೆ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಅದು ವಿಷ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ತೊಳೆಯುವವರಿಗೆ ಇನ್ನೂ ಅಪಾಯ. ಬ್ಲೀಚ್ ಜೊತೆ ವಿನೆಗರ್ ಬೇಡ, ನಿಂಬೆ ಉಪ್ಪೂ ಬೇಡ. ಗಾಜು ಒರೆಸುವ ಕೆಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ, ಅದೂ ಬೇಡ. ಅಕಸ್ಮಾತ್ ಹೀಗಾದರೆ ಅಲ್ಲೇ ನಿಂತು ನೀರು ಸುರಿಯುತ್ತಾ ಕೂರದೆ ಮೊದಲು ಹೊರಗೆ ಬನ್ನಿ, ಗಾಳಿ ಆಡಲಿ. ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಕೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ, ಎಷ್ಟೋ ಮನೆಗಳಲ್ಲಿ ಬಾಟಲಿ ತಂದಿಡುವವರು ಒಬ್ಬರು, ಬಳಸುವವರು ಇನ್ನೊಬ್ಬರು.

ಪ್ರಶ್ನೆ: ನೆಂಟರಿಗೆ ಅಂತ ಇಟ್ಟಿರುವ ಬಾತ್‌ರೂಮ್ ಬಳಸುವುದೇ ಅಪರೂಪ. ತೊಳೆದರೂ ಚರಂಡಿ ವಾಸನೆ. ಫಿನಾಯಿಲ್ ಹಾಕಿ ಸಾಕಾಗಿದೆ. (ಮೈಸೂರು)

ಉತ್ತರ: ಬಳಸದೇ ಇರುವುದೇ ಕಾರಣ. ನೆಲದ ಜಾಲಿಯ ಕೆಳಗೆ ಸ್ವಲ್ಪ ನೀರು ನಿಲ್ಲುವ ಹಾಗೆ ಮಾಡಿರುತ್ತಾರೆ, ಆ ನೀರೇ ಚರಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುವ ಬಾಗಿಲು. ಅದು ಆರಿಹೋಗಿದೆ. ವಾರಕ್ಕೊಮ್ಮೆ ಎರಡು ಮಗ್ ನೀರು ಜಾಲಿಗೆ ಸುರಿಯಿರಿ, ವಾಷ್‌ಬೇಸಿನ್ ನಲ್ಲಿಯನ್ನೂ ಒಂದು ಸಲ ತಿರುಗಿಸಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ನೀರು ಹಾಕಿದ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಮೇಲೆ ತೇಲಿಕೊಂಡು ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ. ಫಿನಾಯಿಲ್ ದುಡ್ಡು ಉಳಿಯಿತು.

ಪ್ರಶ್ನೆ: ಚಿಮಣಿ ಫಿಲ್ಟರ್ ಜಿಡ್ಡು ಏನು ಮಾಡಿದರೂ ಬಿಡುತ್ತಿಲ್ಲ. (ಹುಬ್ಬಳ್ಳಿ)

ಉತ್ತರ: ಮಿರ್ಚಿ ಭಜಿ ಕರಿಯುವ ಮನೆಗಳಲ್ಲಿ ಇದು ತಪ್ಪಿದ್ದಲ್ಲ ಬಿಡಿ! ಜಿಡ್ಡಿಗೆ ಕ್ಷಾರ ಬೇಕು, ಹಿಂದೆ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದುದೂ ಅದಕ್ಕೇ. ಸ್ಟೀಲ್ ಫಿಲ್ಟರ್ ಆದರೆ ಅಗಲ ಟಬ್‌ನಲ್ಲಿ ಕುದಿನೀರು, ಎರಡು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ನೆನೆಸಿ, ಗ್ಲೌಸ್ ಹಾಕಿಕೊಂಡು ಬ್ರಶ್‌ನಲ್ಲಿ ಉಜ್ಜಿ. ಅಲ್ಯೂಮಿನಿಯಂ ಬಲೆಯ ಫಿಲ್ಟರ್‌ಗೆ ಮಾತ್ರ ವಾಷಿಂಗ್ ಸೋಡಾ ಬೇಡ, ಕಪ್ಪಾಗುತ್ತದೆ. ಅದಕ್ಕೆ ಬಿಸಿನೀರು, ಸೋಪು ಅಷ್ಟೇ.

ಪ್ರಶ್ನೆ: ಕುಕ್ಕರ್ ಒಳಗೆ ತಳ ಕಪ್ಪಾಗುತ್ತದೆ. (ಹಾಸನ)

ಉತ್ತರ: ಅಲ್ಯೂಮಿನಿಯಂ ಕುಕ್ಕರ್ ಇರಬೇಕು. ತಳಕ್ಕೆ ಹಾಕುವ ನೀರಿಗೆ ಹಿಂಡಿದ ನಿಂಬೆ ಹೋಳೋ ಚೂರು ಹುಣಸೆಹಣ್ಣೋ ಹಾಕಿ. ಆಗಲೇ ಕಪ್ಪಾಗಿದ್ದರೆ ಹುಣಸೆ ನೀರು ಕುದಿಸಿ.

ಪ್ರಶ್ನೆ: ಪಾತ್ರೆ ಉಜ್ಜಲು ಸ್ಪಂಜು, ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು ಇವುಗಳಲ್ಲಿ ಯಾವುದು ಒಳ್ಳೆಯದು? (ದಾವಣಗೆರೆ)

ಉತ್ತರ: ಸ್ಟೀಲ್ ನಾರು ಸೀದುಹೋದ ಸ್ಟೀಲ್ ಪಾತ್ರೆಗೆ ಮಾತ್ರ. ನಾನ್‌ಸ್ಟಿಕ್ ತವಾ, ಮಿಕ್ಸಿ ಜಾರಿನ ಮುಚ್ಚಳ, ಪಿಂಗಾಣಿ ಇವುಗಳ ಹತ್ತಿರವೂ ಅದು ಸುಳಿಯಬಾರದು. ನನಗೆ ಇಷ್ಟವಾದದ್ದು ಬಲಿತು ಒಣಗಿದ ಹೀರೇಕಾಯಿಯ ನಾರು. ಗೀರು ಬೀಳುವುದಿಲ್ಲ, ಬೇಗ ಒಣಗುತ್ತದೆ, ಸವೆದ ಮೇಲೆ ಗಿಡದ ಬುಡಕ್ಕೆ ಹಾಕಬಹುದು. ಸ್ಪಂಜೇ ಬೇಕು ಅಂದರೆ ಪ್ರತಿ ರಾತ್ರಿ ಹಿಂಡಿ, ನಿಲ್ಲಿಸಿ ಒಣಗಿಸಿ. ವಾಸನೆ ಬಂದ ಸ್ಪಂಜನ್ನು ಬಿಸಿನೀರಿನಲ್ಲಿ ಅದ್ದಿ ಉಳಿಸಿಕೊಳ್ಳಲು ಹೋಗದೆ ಸುಮ್ನೆ ಬಿಸಾಕಿ. ಸಿಂಕ್ ಕಟ್ಟೆ ಒರೆಸುವ ಬಟ್ಟೆಯೂ ಬೇರೆ ಇರಲಿ, ನೆಲದ ಬಟ್ಟೆ ಅಲ್ಲಿಗೆ ಬರದಂತೆ ಬಣ್ಣ ಬೇರೆ ಮಾಡಿಕೊಳ್ಳಿ.