ಮೂರು ಕಾರ್ಖಾನೆ, ಒಬ್ಬ ಅಪ್ರೆಂಟಿಸ್

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಕಾರ್ಖಾನೆಯಿದೆ. ಒಂಬತ್ತು ಜನ ಕೆಲಸಗಾರರಿದ್ದು, ವಾಲ್ವ್‌ಗಳ ಬಿಡಿಭಾಗಗಳಿಗೆ ಲೇತ್ ಕೆಲಸ ಮಾಡಿಕೊಡುತ್ತೇವೆ. ಐಟಿಐ ಮುಗಿಸಿದ ಹುಡುಗನನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ ನನ್ನಲ್ಲಿ ಅವನು ಕಲಿಯುವುದು ಟರ್ನಿಂಗ್, ಅಂದರೆ ಲೇತಿನಲ್ಲಿ ಲೋಹ ತಿರುಗಿಸಿ ಕೊರೆಯುವ ಕೆಲಸ ಮಾತ್ರ. ಪಕ್ಕದಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿ ಇದೆ; ಎದುರಿನವರು ವಾಲ್ವ್ ಜೋಡಿಸಿ ಪರೀಕ್ಷಿಸುತ್ತಾರೆ. ಮೂವರೂ ಸೇರಿ ಒಬ್ಬನಿಗೆ ಕಲಿಸಬಹುದೆ? ಕಲಿತವನನ್ನು ಅವರೇ ಇಟ್ಟುಕೊಂಡರೆ ನನಗೇನು ಲಾಭ?
— ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಕಲಿಸಬಹುದು. 1961ರ ಅಪ್ರೆಂಟಿಸ್ ಕಾಯ್ದೆಯೇ ಹಲವು ಮಾಲೀಕರು ತಾವಾಗಿಯೋ, ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಒಪ್ಪಿಗೆ ಪಡೆದ ಸಂಸ್ಥೆಯೊಂದರ ಮೂಲಕವೋ ಒಟ್ಟುಗೂಡಿ ತರಬೇತಿ ಕೊಡಲು ಅವಕಾಶ ನೀಡಿದೆ. 2019ರ ನಿಯಮಗಳಂತೆ, ಗುತ್ತಿಗೆಯವರೂ ಸೇರಿ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ನಿಮ್ಮಂಥವರಿಗೆ ಅದು ಐಚ್ಛಿಕ.

ಶಿಷ್ಯವೇತನದ ಲೆಕ್ಕ ದೊಡ್ಡದಲ್ಲ. 2019ರ ನಿಯಮಗಳು ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಗೊತ್ತುಪಡಿಸಿದ್ದವು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಶೇಕಡಾ 25ರಷ್ಟನ್ನು, 1,500 ರೂಪಾಯಿ ಮೀರದಂತೆ ಭರಿಸುತ್ತದೆ. ಆ ದರದಲ್ಲಿ ಉಳಿಯುವ 5,500 ರೂಪಾಯಿಯನ್ನು ಹುಡುಗ ಯಾರಲ್ಲಿ ಎಷ್ಟು ತಿಂಗಳು ಇರುತ್ತಾನೋ ಅದರಂತೆ ಮೂವರೂ ಹಂಚಿಕೊಳ್ಳಿ. ಒಪ್ಪಂದಕ್ಕೆ ಮುನ್ನ ಜಾರಿಯಲ್ಲಿರುವ ದರವನ್ನು ಮಾತ್ರ ನೋಡಿಕೊಳ್ಳಿ.

ನಿಜವಾಗಿ ಕಷ್ಟದ ವಿಷಯ ಹೊಣೆ. ಮೂವರದೂ ಎಂದರೆ ಯಾರದೂ ಅಲ್ಲದಂತಾಗುವುದನ್ನು ತಪ್ಪಿಸಲು, ಒಪ್ಪಂದಕ್ಕೆ ಒಬ್ಬರು ಮುಂದಾಳಾಗಿ ನಿಂತು ಕಲಿಕೆಯ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಅವರೇ ಇಟ್ಟುಕೊಳ್ಳಬೇಕು. ಇಂಥ ಒಟ್ಟು ತರಬೇತಿಯನ್ನು 2005ರ ಪರಿಷ್ಕರಣೆಯಲ್ಲಿ ಕಾನೂನಿಗೆ ಸೇರಿಸಿಕೊಂಡ ಜರ್ಮನಿಯಲ್ಲಿಯೂ ಒಂದು ಕಾರ್ಖಾನೆ ಪೂರ್ತಿ ಹೊಣೆ ಹೊತ್ತು, ತನ್ನಲ್ಲಿಲ್ಲದ ಭಾಗವನ್ನಷ್ಟೇ ಬೇರೆಡೆ ಕಲಿಸುವ ಪದ್ಧತಿ ಇದೆ. ತರಬೇತಿಯಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರ ಮೇಲಿರುವುದರಿಂದ, ಫೌಂಡ್ರಿಯಲ್ಲಿ ಕಾಲಿಟ್ಟ ದಿನ ಅದು ಯಾರ ಪಾಲಿಗೆ ಬರುತ್ತದೆ ಎಂಬುದನ್ನೂ ಮೊದಲೇ ಬರೆದುಕೊಳ್ಳಿ.

ಕಲಿಕೆಯ ಕ್ರಮ ವಾಲ್ವ್ ತಯಾರಾಗುವ ಕ್ರಮದಲ್ಲಿಯೇ ಇರಲಿ. ಎರಕದಲ್ಲಿ ಗಾಳಿಗುಳ್ಳೆ ಹೇಗೆ ಬೀಳುತ್ತದೆ ಎಂದು ಅಚ್ಚಿನ ಬಳಿ ನಿಂತು ಕಂಡವನು ಲೇತಿನ ಮೇಲೆ ಆ ದೋಷ ಬಯಲಾದಾಗ ಕಾರಣ ಹುಡುಕಬಲ್ಲ. ತಾನೇ ಕೊರೆದ ಸೀಟಿನಿಂದ (ವಾಲ್ವ್ ಮುಚ್ಚಿದಾಗ ಅದರ ಮುಚ್ಚಳ ಕೂರುವ ಜಾಗ) ಪರೀಕ್ಷೆಯ ಒತ್ತಡದಲ್ಲಿ ನೀರು ಜಿನುಗುವುದನ್ನು ನೋಡಿದವನಿಗೆ ಮೈಕ್ರೋಮೀಟರಿನಿಂದ ನಿಖರವಾಗಿ ಅಳೆಯುವುದರ ಬೆಲೆ ಬೇರೆ ಯಾರೂ ಹೇಳಬೇಕಾಗಿಲ್ಲ. ಹುಡುಗನನ್ನು ಕಸ ಗುಡಿಸಲು, ಮಾಲು ಸಾಗಿಸಲು ಬಳಸುವ ಕಾರ್ಖಾನೆಯನ್ನು ದಯವಿಟ್ಟು ಕೂಟಕ್ಕೆ ಸೇರಿಸಿಕೊಳ್ಳಬೇಡಿ. ಸಲಹಾಧಿಕಾರಿಯ ಒಪ್ಪಿಗೆಯಿಲ್ಲದೆ ಅವನಿಂದ ಹೆಚ್ಚುವರಿ ಅವಧಿಯ ಕೆಲಸವನ್ನೂ ಮಾಡಿಸುವಂತಿಲ್ಲ.

ಇನ್ನು ನಿಮ್ಮ ಕೊನೆಯ ಆತಂಕ. ತರಬೇತಿ ಮುಗಿಯುವವರೆಗೆ ಒಬ್ಬರ ಹುಡುಗನನ್ನು ಇನ್ನೊಬ್ಬರು ಕೆಲಸಕ್ಕೆ ಕರೆಯಬಾರದೆಂದು ಮೂವರೂ ಬರೆದುಕೊಡಬಹುದು. ಮುಗಿದ ಮೇಲೆ ಎಲ್ಲಿ ದುಡಿಯಬೇಕೆಂಬುದು ಅವನಿಗೇ ಬಿಟ್ಟದ್ದು. ಅವನು ಎದುರಿನವರಲ್ಲಿ ನಿಂತರೂ, ನಿಮ್ಮ ಬಿಡಿಭಾಗವನ್ನು ಪರೀಕ್ಷಿಸುವವನಿಗೆ ನಿಮ್ಮ ಲೇತಿನ ಪರಿಚಯವಿರುತ್ತದೆ, ವಾಪಸು ಬರುವ ಮಾಲಿನ ಬಗ್ಗೆ ನೇರವಾಗಿ ಬಂದು ಮಾತನಾಡುತ್ತಾನೆ. ಮುಂದಿನ ವರ್ಷದ ಹುಡುಗ ನಿಮ್ಮಲ್ಲಿ ಉಳಿಯಬೇಕೆಂದಿದ್ದರೆ, ತರಬೇತಿ ಮುಗಿಯುವ ಎರಡು ತಿಂಗಳು ಮೊದಲೇ ಎಷ್ಟು ಸಂಬಳ ಕೊಡುವಿರೆಂದು ಅವನಿಗೆ ಸ್ಪಷ್ಟವಾಗಿ ಹೇಳಿ.