ಪ್ರಾಸಿಕ್ಯೂಟರ್ ಆಗಿದ್ದವರು ಜಡ್ಜ್ ಆದರೆ ಪೊಲೀಸರ ಕಡೆಗೇ ವಾಲುತ್ತಾರಾ?

ಅಮೆರಿಕದ ಫೆಡರಲ್ (ಕೇಂದ್ರದ) ಜಡ್ಜ್‌ಗಳಲ್ಲಿ ಎಷ್ಟೋ ಜನ ಮೊದಲು ಪ್ರಾಸಿಕ್ಯೂಟರ್, ಅಂದರೆ ಆರೋಪಿಗಳ ವಿರುದ್ಧ ಸರ್ಕಾರದ ಪರ ವಾದಿಸುವ ವಕೀಲ, ಆಗಿದ್ದವರು, ಅಂಥವರ ಮುಂದೆ ಆರೋಪಿಗೆ ನ್ಯಾಯ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಆರೋಪಿಗಳ ಪರ ವಾದಿಸುವ ವಕೀಲ, ಹಾಗಾಗಿ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ಪ್ರಾಸಿಕ್ಯೂಟರ್ ಆಗಿದ್ದು ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಆದ ಸೋನಿಯಾ ಸೊಟೊಮೇಯರ್ ಅವರ ದಾರಿ ನೋಡಿ.

ಹುಟ್ಟಿದ್ದು 1954ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಅಪ್ಪ ಅಮ್ಮ ಪೋರ್ಟೊರಿಕೊದವರು. ಚಿಕ್ಕವರಿದ್ದಾಗಲೇ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ತಾವೇ ಕಲಿತರು. ಒಂಬತ್ತನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ನರ್ಸ್ ಕೆಲಸ ಮಾಡಿಕೊಂಡು ಓದಿಸಿದ್ದು ಅಮ್ಮ. ಪ್ರಿನ್ಸ್‌ಟನ್, ಯೇಲ್ ಮುಗಿಸಿ 1979ರಲ್ಲಿ ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕಚೇರಿ ಸೇರಿದರು. ಹೆಚ್ಚುಕಡಿಮೆ ನಮ್ಮ ಎ.ಪಿ.ಪಿ. (ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್) ಕೆಲಸ. ಚಿಲ್ಲರೆ ಕೇಸುಗಳಿಂದ ಶುರುವಾಗಿ ಕೊಲೆ, ದರೋಡೆಯವರೆಗೆ ಹೋದರು. ಹಾರ್ಲೆಮ್‌ನಲ್ಲಿ ಹಗ್ಗ ಹಿಡಿದು ಮನೆಗಳಿಗೆ ನುಗ್ಗುತ್ತಿದ್ದ ‘ಟಾರ್ಜನ್’ ಕಳ್ಳನಿಗೆ ಶಿಕ್ಷೆ ಕೊಡಿಸಿದ ತಂಡದಲ್ಲಿ ಇವರೂ ಇದ್ದರು. 1992ರಲ್ಲಿ ಫೆಡರಲ್ ಜಿಲ್ಲಾ ಜಡ್ಜ್, 1998ರಲ್ಲಿ ಮೇಲ್ಮನವಿ ಕೋರ್ಟು, 2009ರಲ್ಲಿ ಸುಪ್ರೀಂ ಕೋರ್ಟು.

ಹಳೆಯ ಕೆಲಸದ ಛಾಯೆ ಇಲ್ಲವೇ ಇಲ್ಲ ಅನ್ನಲಾರೆ. 2011ರಲ್ಲಿ ಮಿಷಿಗನ್ನಿನ ಒಂದು ಕೇಸ್. ಗುಂಡೇಟು ತಿಂದವನು ಸಾಯುವ ಮುಂಚೆ ಪೊಲೀಸರಿಗೆ ಹೇಳಿದ್ದನ್ನು ಸಾಕ್ಷಿಯಾಗಿ ಬಳಸಬಹುದು ಅಂತ ಬಹುಮತದ ತೀರ್ಪು ಬರೆದವರು ಇವರೇ. ಅದನ್ನು ಕಟುವಾಗಿ ವಿರೋಧಿಸಿದವರು ಯಾರು ಗೊತ್ತಾ? ಅದೇ ಕೋರ್ಟಿನ ಜಡ್ಜ್, ಕಟ್ಟಾ ಬಲಪಂಥದ ಸ್ಕಾಲಿಯಾ!

ಆದರೆ 2013ರಲ್ಲಿ ಟೆಕ್ಸಾಸಿನ ಒಂದು ಕೇಸ್ ಬಂತು. ಅಲ್ಲಿನ ಪ್ರಾಸಿಕ್ಯೂಟರ್ ಪಾಟಿ ಸವಾಲಿನಲ್ಲಿ, ಕರಿಯರು ಇದ್ದಾರೆ, ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಜನ ಇದ್ದಾರೆ, ಚೀಲದ ತುಂಬ ದುಡ್ಡಿದೆ, ಇದು ಡ್ರಗ್ಸ್ ವ್ಯವಹಾರ ಅಂತ ಹೊಳೆಯಲಿಲ್ಲವಾ ಅಂತ ಆರೋಪಿಯನ್ನು ಕೇಳಿದ್ದ. ಅರ್ಜಿಯಲ್ಲಿ ತಾಂತ್ರಿಕ ತೊಂದರೆ ಇತ್ತು, ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಸೊಟೊಮೇಯರ್ ಅದಕ್ಕೆ ಒಪ್ಪಿದರು. ಆದರೆ ಸುಮ್ನೆ ಬಿಡಲಿಲ್ಲ. ಇಂಥ ಮಾತನ್ನು ಕೋರ್ಟು ಸಹಿಸಿಕೊಂಡಿತು ಅಂತ ಯಾರೂ ತಿಳಿಯಬಾರದು ಅಂತ ಪ್ರತ್ಯೇಕವಾಗಿ ಬರೆದು ಆ ಪ್ರಾಸಿಕ್ಯೂಟರ್‌ಗೆ ಚಾಟಿ ಬೀಸಿದರು. ಆ ಕುರ್ಚಿಯಲ್ಲಿ ಕೂತಿದ್ದವರಿಗೆ ಅಲ್ಲಿನ ಆಟಗಳು ಚೆನ್ನಾಗಿ ಗೊತ್ತಿರುತ್ತವೆ, ಅಲ್ವಾ?

2016ರ ಯುಟಾ ಕೇಸ್ ಇನ್ನೂ ಖಾರ. ಸರಿಯಾದ ಕಾರಣ ಇಲ್ಲದೆ ಒಬ್ಬ ವ್ಯಕ್ತಿಯನ್ನು ಪೊಲೀಸ್ ನಿಲ್ಲಿಸಿದ. ಹೆಸರು ಹಾಕಿ ನೋಡಿದರೆ ಹಳೆಯ ಟ್ರಾಫಿಕ್ ವಾರಂಟ್. ಬಂಧಿಸಿ ತಡಕಿದಾಗ ಡ್ರಗ್ಸ್ ಸಿಕ್ಕಿತು. ನಿಲ್ಲಿಸಿದ್ದು ತಪ್ಪಾದರೂ ಸಾಕ್ಷ್ಯ ನಡೆಯುತ್ತೆ ಅಂತ 5–3ರ ತೀರ್ಪು. ಸೊಟೊಮೇಯರ್ ಭಿನ್ನಮತ ಬರೆದರು. ದೇಶದ ದಾಖಲೆಗಳಲ್ಲಿ 78 ಲಕ್ಷಕ್ಕೂ ಜಾಸ್ತಿ ವಾರಂಟ್ ಬಾಕಿ ಇವೆ, ಹಾಗಾದರೆ ಯಾರನ್ನು ಬೇಕಾದರೂ ನಿಲ್ಲಿಸಬಹುದಲ್ಲ ಅನ್ನುವುದು ಅವರ ವಾದ. ಬೀದಿಯಲ್ಲಿ ಓಡಬೇಡ, ಕೈ ಕಾಣೋ ಹಾಗೆ ಇಟ್ಟುಕೋ ಅಂತ ಕಪ್ಪು, ಕಂದು ಮೈಬಣ್ಣದವರು ಮಕ್ಕಳಿಗೆ ಹೇಳಿಕೊಡುವುದನ್ನೂ ಅದರಲ್ಲೇ ಬರೆದಿದ್ದಾರೆ. ಆ ಭಾಗವನ್ನು ಬರೆದದ್ದು ತಮ್ಮೊಬ್ಬರ ಪರವಾಗಿ ಮಾತ್ರ. ಬೇರೆ ಯಾರೂ ಅದಕ್ಕೆ ಸೇರಿಕೊಳ್ಳಲಿಲ್ಲ.

ಹಾಗಾಗಿ ಒಬ್ಬೊಬ್ಬರನ್ನೇ ನೋಡಿದರೆ ನಿಮ್ಮ ಅನುಮಾನ ನಿಲ್ಲುವುದಿಲ್ಲ. ಒಟ್ಟು ಲೆಕ್ಕದಲ್ಲಿ ಮಾತ್ರ ನಿಲ್ಲುತ್ತದೆ: ಸರ್ಕಾರಿ ಖರ್ಚಿನಲ್ಲಿ ಬಡ ಆರೋಪಿಗಳ ಪರ ವಾದಿಸುತ್ತಿದ್ದ ಪಬ್ಲಿಕ್ ಡಿಫೆಂಡರ್ ಒಬ್ಬರು ಆ ಸುಪ್ರೀಂ ಕೋರ್ಟಿಗೆ ಮೊದಲ ಸಲ ಬಂದದ್ದು 2022ರಲ್ಲಿ, ಕೆಟಾಂಜಿ ಬ್ರೌನ್ ಜಾಕ್ಸನ್.